ಮೂರು ಬಾತ್‌ರೂಮಿನ ಮನೆ

ಏಪ್ರಿಲ್ 3, 2024, ಬುಧವಾರ

ನಾನು ವಾರಿಜಾ. ವಯಸ್ಸು ಎಪ್ಪತ್ತೊಂದು. ಆ ಕಾಲದಲ್ಲೇ ಎಸ್ಸೆಸ್ಸೆಲ್ಸಿಯನ್ನು ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿದವಳು. ಚಕ್ರಪಾಣಿಯವರ ಹೆಂಡತಿ, ವಿಷ್ಣುವಿನ ತಾಯಿ, ಜಯನಗರ ನಾಲ್ಕನೇ ಟಿ ಬ್ಲಾಕಿನ ಈ ಮನೆಯ ಯಜಮಾನಿ. ನನ್ನ ಡೈರಿಯಲ್ಲಿ ಇದನ್ನೆಲ್ಲ ನಾನೇ ಬರೆದುಕೊಳ್ಳಬೇಕಾಗಿರಲಿಲ್ಲ. ಆದರೆ ಇವತ್ತು ಸೊಸೆ ಸಮನ್ವಿತಾ, ಕೆಂಪಕ್ಕನಿಗೆ ಮೊದಲಿನ ಹಾಗೆ ಕೈಲಾಗುತ್ತಿಲ್ಲ, ಬೇರೆ ಯಾರನ್ನಾದರೂ ನೋಡೋಣ ಎಂದಳು. ಈ ಮನೆಗೆ ಯಾರು ಬರಬೇಕು, ಯಾರು ಬರಬಾರದು ಎಂದು ಮೂವತ್ತೆಂಟು ವರ್ಷದಿಂದ ಹೇಳುತ್ತಾ ಬಂದವಳು ನಾನು. ಅದನ್ನೇ ಅವಳಿಗೂ ಹೇಳಿದೆ. ಕಾಲೇಜಿನಲ್ಲಿ ಪಾಠ ಮಾಡುವವಳು, ಮನೆಯಲ್ಲಿ ಸುಮ್ಮನಾದಳು.

ಕೆಂಪಕ್ಕ ಬಂದು ಇಪ್ಪತ್ತೆರಡು ವರ್ಷ. ಇಟ್ಟಮಡುವಿನಿಂದ ಬೆಳಿಗ್ಗೆ ಆರೂವರೆಗೆ ಬರುತ್ತಾಳೆ. ಗುಡಿಸಿ ಒರೆಸಿ, ಮೂರು ಬಾತ್‌ರೂಮು ತಿಕ್ಕಿ, ಪಾತ್ರೆ ಬಟ್ಟೆ ಮುಗಿಸಿ, ಇದೇ ಕ್ರಾಸಿನ ಇನ್ನೆರಡು ಮನೆಗೆ ಹೋಗುತ್ತಾಳೆ. ಮತ್ತೆ ಬಂದು ನಮ್ಮ ಊಟದ ಪಾತ್ರೆ ತೊಳೆದು ಎರಡೂವರೆಗೆ ಬಸ್ಸು ಹತ್ತುತ್ತಾಳೆ. ಒಂದು ಚಮಚ ಕಳೆದದ್ದಿಲ್ಲ. ಎದುರು ಮಾತಾಡಿದ್ದಿಲ್ಲ. ಕೈ ಸ್ವಲ್ಪ ನಿಧಾನವಾಗಿದ್ದರೆ ಅದು ಈ ಬಿಸಿಲಿನ ದೆಸೆ. ಏಪ್ರಿಲ್ ಮೊದಲ ವಾರವೇ ಬೆಂಗಳೂರು ಬಳ್ಳಾರಿಯಾಗಿದೆ.

ಏಪ್ರಿಲ್ 17, ಬುಧವಾರ, ರಾಮನವಮಿ

ನಾಲ್ಕಕ್ಕೆ ಎದ್ದೆ. ದೊಡ್ಡ ಕೊಳಗದಲ್ಲಿ ಪಾನಕ, ಅದಕ್ಕಿಂತ ದೊಡ್ಡದರಲ್ಲಿ ನೀರುಮಜ್ಜಿಗೆ, ಹೆಸರುಬೇಳೆ ಕೋಸಂಬರಿ. ನಲ್ಲಿ ನೀರು ಎರಡು ದಿನಕ್ಕೊಮ್ಮೆ ಬರುತ್ತಿದೆ, ಈ ವರ್ಷ ಮನೆ ಮಟ್ಟಿಗೆ ಮಾಡಿದರೆ ಸಾಕು ಎಂದ ವಿಷ್ಣು. ಬಾಯಾರಿದವರಿಗೆ ನೀರು ಕೊಡುವ ಹಬ್ಬವನ್ನು ಬರ ಬಂತೆಂದು ಯಾರಾದರೂ ಬಿಡುತ್ತಾರೆಯೇ? ಗೇಟಿನ ಹತ್ತಿರ ಮೇಜು ಹಾಕಿಸಿದೆ. ಆಟೋದವರು, ಪಾರ್ಸೆಲ್ ತರುವವರು, ಕಸದ ಗಾಡಿಯವರು, ಒಬ್ಬರನ್ನೂ ಬಿಡದೆ ಕರೆದು ಕೊಟ್ಟೆ. ಪಕ್ಕದ ಮನೆ ಉಮಾಶ್ರೀ ಎರಡು ಲೋಟ ಕುಡಿದು, ಇಂಥ ಮಜ್ಜಿಗೆ ಇಡೀ ಬ್ಲಾಕಿನಲ್ಲಿ ಎಲ್ಲೂ ಸಿಗುವುದಿಲ್ಲ ಎಂದರು. ಅದು ನಿಜವೇ.

ಒಂದೇ ಒಂದು ಚುಚ್ಚಿತು. ಬೆಳಿಗ್ಗೆಯಿಂದ ಬೆವರಿಳಿಸಿಕೊಂಡು ಲೋಟ ತೊಳೆದುಕೊಟ್ಟ ಕೆಂಪಕ್ಕನಿಗೆ ನಾನೇ ಕೈಯಾರೆ ಮಜ್ಜಿಗೆ ಕೊಟ್ಟೆ. ತುಟಿಗೂ ತಾಗಿಸದೆ ಬಾಟಲಿಗೆ ಸುರಿದುಕೊಂಡಳು. ಇಲ್ಲೇ ಕುಡಿ ಎಂದೆ.

"ಮನೆಗೋಗಿ ಕುಡೀತೀನಿ ಕಣಮ್ಮ" ಎಂದಳು.

ಯಾವತ್ತೂ ಹೀಗೆಯೇ. ಕಾಫಿ ಕೊಟ್ಟರೂ ಎರಡು ಗುಟುಕು. ಊರೆಲ್ಲ ಹೊಗಳುವ ಮಜ್ಜಿಗೆ ಇವಳ ಗಂಟಲಿಗೆ ಇಳಿಯುವುದಿಲ್ಲ. ಬಡವರಿಗೆ ಬಿಂಕ ಇರಬಾರದೆಂದೇನಿಲ್ಲ. ಆದರೆ ಹಬ್ಬದ ದಿನ ಬೇಡವಾಗಿತ್ತು.

ಏಪ್ರಿಲ್ 22, ಸೋಮವಾರ

ಕೆಂಪಕ್ಕನಿಗೆ ಸೊಂಟ ನೋವು, ಮೂತ್ರ ಉರಿ. ಕೊತ್ತಂಬರಿ ಬೀಜ, ಜೀರಿಗೆ ಹಾಕಿ ಕಷಾಯ ಮಾಡಿಕೊಟ್ಟೆ. ಅದೂ ಬಾಟಲಿಗೆ ಹೋಯಿತು.

ಏಪ್ರಿಲ್ 26, ಶುಕ್ರವಾರ

ಏಳು ಗಂಟೆಗೇ ಹೋಗಿ ವೋಟು ಹಾಕಿ ಬಂದೆವು. ಇವರು ಬಂದವರೇ ಬಾತ್‌ರೂಮಿಗೆ ಓಡಿದರು. ಕ್ಯೂನಲ್ಲಿ ನಿಂತ ಅರ್ಧ ಗಂಟೆಯನ್ನು ಹೇಗೆ ಕಳೆದೆನೋ ಅದು ನನಗೆ ಗೊತ್ತು ಎಂದು ಮಧ್ಯಾಹ್ನದ ತನಕ ಹೇಳಿಕೊಂಡು ಓಡಾಡಿದರು. ಗಂಡಸರಿಗೆ ಎಲ್ಲವೂ ದೊಡ್ಡ ಕಥೆ.

ಏಪ್ರಿಲ್ 29, ಸೋಮವಾರ

ನಿನ್ನೆ ಮೂವತ್ತೆಂಟು ಡಿಗ್ರಿಯಂತೆ. ಇವತ್ತೂ ಕಡಿಮೆ ಇರಲಿಲ್ಲ.

ಬೇರೆ ಮನೆಗಳ ಕೆಲಸ ಮುಗಿಸಿ ಬಂದು, ಹನ್ನೆರಡಕ್ಕೆ ಬೆಡ್‌ಶೀಟು ಒಣಗಿಹಾಕಲು ಟೆರೇಸಿಗೆ ಹೋದ ಕೆಂಪಕ್ಕ ಇಳಿದು ಬರಲಿಲ್ಲ. ಎರಡು ಸಲ ಕೂಗಿದೆ. ಕೊನೆಗೆ ಮೊಮ್ಮಗಳು ಇಂಚರ ಹತ್ತಿ ನೋಡಿ, ಅಲ್ಲಿಂದಲೇ ಕೂಗಿಕೊಂಡಳು. ನೀರಿನ ಟ್ಯಾಂಕಿನ ನೆರಳು ಒಂದು ಗೇಣು ಬಿದ್ದಿತ್ತು. ಅದರಲ್ಲಿ ಮುದುರಿಕೊಂಡು ಕೂತಿದ್ದಳಂತೆ. ನಾನು ಮಂಡಿ ನೋವು ಮರೆತು ಮೇಲೆ ಹೋದೆ. ಮೈ ಬಾಣಲೆಯ ಹಾಗೆ ಸುಡುತ್ತಿತ್ತು, ಒಂದು ಹನಿ ಬೆವರಿಲ್ಲ. ಇಂಚರಳನ್ನು ತನ್ನ ಮಗಳು ವನಿತಾ ಅಂದುಕೊಂಡು, ಸ್ಕೂಲಿಗೆ ಹೊತ್ತಾಯ್ತದೆ ಹೋಗವ್ವ ಎನ್ನುತ್ತಿದ್ದಳು. ವನಿತಾ ಸ್ಕೂಲು ಬಿಟ್ಟು ಹದಿನೈದು ವರ್ಷವಾಗಿರಬೇಕು.

ವಿಷ್ಣುವೇ ಕಾರಿನಲ್ಲಿ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಹಿಂದಿನ ಸೀಟಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅವಳನ್ನು ಮುಟ್ಟಿದ್ದು ಇದೇ ಮೊದಲಿರಬೇಕು. ಎಷ್ಟು ಹಗುರ.

ಮೇ 2, ಗುರುವಾರ

ಆಸ್ಪತ್ರೆಗೆ ಹೋಗಿ ಬಂದೆ. ಫ್ಲಾಸ್ಕಿನಲ್ಲಿ ಗಂಜಿ ಒಯ್ದಿದ್ದೆ. ಡ್ರಿಪ್ಪು ಹಾಕಿದ್ದಾರೆ. ಕಣ್ಣು ಬಿಟ್ಟು ಗುರುತು ಹಿಡಿದಳು. ಮನೆ ಪಾತ್ರೆ ಯಾರು ಮಾಡ್ತಾವ್ರೆ ಎಂದು ಕೇಳಿದಳು.

ಡಾಕ್ಟರಮ್ಮ ಇಂಚರಳಿಗಿಂತ ಸ್ವಲ್ಪ ದೊಡ್ಡವಳ ಹಾಗೆ ಕಾಣುತ್ತಾಳೆ. ಮೂತ್ರದ ಸೋಂಕು ಕಿಡ್ನಿಗೆ ಏರಿದೆ, ಮೈಯಲ್ಲಿ ನೀರೇ ಇರಲಿಲ್ಲ ಎಂದಳು. ಇದು ಒಂದು ದಿನದ ಬಿಸಿಲಿನಲ್ಲಿ ಆದದ್ದಲ್ಲ, ಎಷ್ಟೋ ವರ್ಷದಿಂದ ಒಳಗೇ ಕೆಡುತ್ತಾ ಬಂದದ್ದನ್ನು ಈ ವರ್ಷದ ಬಿಸಿಲು ಹೊರಗೆ ಹಾಕಿದೆಯಂತೆ. ಇದೇ ವಾರ್ಡಿನಲ್ಲಿ ಇಂಥ ನಾಲ್ಕು ಜನ ಇದ್ದಾರೆ. ಇಬ್ಬರು ಮನೆಗೆಲಸದವರು, ಒಬ್ಬಳು ಗಾರ್ಮೆಂಟ್ಸಿನವಳು, ಒಬ್ಬಳು ರಸ್ತೆ ಗುಡಿಸುವವಳು. ಬೇಸಿಗೆ ವರ್ಷ ವರ್ಷ ಬೆಳೆಯುತ್ತಿದೆ, ನಮ್ಮ ಹಾಸಿಗೆ ಅಷ್ಟೇ ಇದೆ ಎಂದಳು. ಕೆಂಪಕ್ಕನ ಕಿಡ್ನಿ ಪೂರ್ತಿ ಮೊದಲಿನ ಹಾಗಾಗುವುದಿಲ್ಲ. ದಿನಕ್ಕೆ ಮೂರು ಲೀಟರ್ ನೀರು ಕುಡಿಯಲೇಬೇಕು. ಇನ್ನೊಂದು ಸಲ ಹೀಗಾದರೆ ಡಯಾಲಿಸಿಸ್.

ನೀರು ಕುಡಿಯೋದಕ್ಕೆ ಇವಳಿಗೇನು ಬಂದಿತ್ತು ರೋಗ, ಕೊಟ್ಟ ಮಜ್ಜಿಗೆಯನ್ನೂ ಬಾಟಲಿಗೆ ತುಂಬಿಸಿಕೊಳ್ಳುತ್ತಾಳೆ ಎಂದು ನಾನು ರೇಗಿದೆ. ವನಿತಾ ಪಕ್ಕದಲ್ಲೇ ನಿಂತಿದ್ದಳು. ಇಟ್ಟಮಡುವಿನಲ್ಲಿ ಆಶಾ ಕಾರ್ಯಕರ್ತೆ ಅವಳು. ಮನೆಮನೆಗೆ ಹೋಗಿ ಬಸುರಿ, ಬಾಣಂತಿ, ಜ್ವರದವರನ್ನು ವಿಚಾರಿಸುವ ಕೆಲಸ. ಗುಲಾಬಿ ಸೀರೆಯಲ್ಲೇ ಬಂದಿದ್ದಳು. ನನ್ನನ್ನು ಕಾರಿಡಾರಿಗೆ ಕರೆದುಕೊಂಡು ಹೋದಳು. ದನಿ ಏರಿಸಲಿಲ್ಲ.

"ಕುಡಿದ್ರೆ ಹೋಗ್ಬೇಕಾಗುತ್ತಲ್ಲಮ್ಮ. ಎಲ್ಲಿಗೆ ಹೋಗ್ಲಿ?"

ನನಗೆ ಅರ್ಥವಾಗಲಿಲ್ಲ. ನಿಜವಾಗಿಯೂ ಆಗಲಿಲ್ಲ.

"ಬೆಳಿಗ್ಗೆ ಆರಕ್ಕೆ ಮನೇಲಿ ಹೋದ್ರೆ ಮತ್ತೆ ಮೂರು ಗಂಟೆಗೆ ಮನೇಲೇ. ಹಿತ್ತಲ ಪಾಯಿಖಾನೆ ಒಡೆಸಿ ಕಾರ್ ಶೆಡ್ ಮಾಡಿಸಿದ್ರಲ್ಲ, ಅವಾಗಿಂದ. ಒಂದೇ ಒಂದ್ಸಲ ತಡೀಲಾರ್ದೆ ನಿಮ್ಮ ಕೆಳಗಿನ ಬಾತ್‌ರೂಮಿಗೆ ಹೋಗಿದ್ರಂತೆ. ನೀವು ಎದುರಿಗೆ ನಿಂತು ಅದನ್ನ ಅವರ ಕೈಲೇ ಮೂರು ಸಲ ತೊಳೆಸಿದ್ರಂತೆ. ನಾನು ಊರೋರಿಗೆಲ್ಲ ನೀರು ಕುಡೀರಿ ಅಂತ ಚೀಟಿ ಹಂಚ್ತೀನಿ. ನಮ್ಮಮ್ಮಂಗೆ ಹೇಳೋಕಾಗ್ಲಿಲ್ಲ."

ಮೇ 3, ಶುಕ್ರವಾರ

ಸಂಜೆ ಮಳೆ ಬಂತು. ಎಲ್ಲರೂ ಬಾಲ್ಕನಿಗೆ ಓಡಿದರು. ನಾನು ಹೋಗಲಿಲ್ಲ.

ಮೂರು ಸಲ ತೊಳೆಸಿದೆನಂತೆ. ಸುಳ್ಳು. ನಾನು ಅಂಥವಳಲ್ಲ.

ಮೇ 4, ಶನಿವಾರ

ಹಳೆಯ ಡೈರಿಗಳೆಲ್ಲ ಅಟ್ಟದ ಟ್ರಂಕಿನಲ್ಲಿವೆ. ಕಾರ್ ಶೆಡ್ ಆದ ವರ್ಷ 2011. ಅಲ್ಲಿಂದ ಮುಂದಕ್ಕೆ ಓದುತ್ತಾ ಬಂದೆ. 2012ರ ಮಾರ್ಚ್ 22, ಯುಗಾದಿಯ ಹಿಂದಿನ ದಿನ, ನನ್ನದೇ ಅಕ್ಷರ: "ಕೆಳಗಿನ ಬಾತ್‌ರೂಮು ಕೆಂಪಕ್ಕನ ಕೈಲಿ ಮೂರು ಸಲ ತೊಳೆಸಿದೆ. ಹೂರಣ ಹದವಾಗಿ ಬಂತು."

ಯಾಕೆ ತೊಳೆಸಿದೆ ಎಂದು ಬರೆದಿಲ್ಲ. ಬರೆಯುವಂಥ ವಿಷಯ ಎಂದು ಅನ್ನಿಸಿರಲಿಕ್ಕಿಲ್ಲ.

ಸಮನ್ವಿತಾಳನ್ನು ಕೇಳಿದೆ, ಇದೆಲ್ಲ ನಿನಗೆ ಗೊತ್ತಿತ್ತೇ ಎಂದು. ನಾಲ್ಕು ವರ್ಷದ ಹಿಂದೆ ಕೆಂಪಕ್ಕನಿಗೆ ಮಹಡಿ ಬಾತ್‌ರೂಮು ಬಳಸಲು ಹೇಳಿದ್ದೆ ಎಂದಳು. ಅಮ್ಮಾವ್ರು ಹೇಳ್ಲಿ ಅಂದಳಂತೆ. ನನ್ನನ್ನು ಯಾಕೆ ಕೇಳಲಿಲ್ಲ ಎಂದೆ.

"ಭಯ ಅತ್ತೆ" ಎಂದಳು.

ಮೇ 6, ಸೋಮವಾರ

ಒಂಬತ್ತು ಗಂಟೆ ಹೊತ್ತು ತಡೆಯುವುದು ಸಾಧ್ಯವೇ ಎನ್ನುವ ಅನುಮಾನ ಹೋಗಿರಲಿಲ್ಲ. ಅಮ್ಮನ ಮೇಲಿನ ಪ್ರೀತಿಗೆ ವನಿತಾ ಒಂದಕ್ಕೆರಡು ಮಾಡಿ ಹೇಳಿರಬಹುದು. ಏಕಾದಶಿಗೆ ನಿರಾಹಾರ ಇರುವವಳು ನಾನು. ನೋಡಿಯೇ ಬಿಡೋಣ ಎಂದು ಆರು ಗಂಟೆಗೆ ಬಾತ್‌ರೂಮಿಗೆ ಹೋಗಿ ಬಂದು, ಒಂದು ಲೋಟ ಕಾಫಿ ಕುಡಿದು ಶುರು ಮಾಡಿದೆ. ಅವಳ ಕೆಲಸವನ್ನೂ ನಾನೇ ಮಾಡಿದೆ. ಗುಡಿಸಿದೆ, ಪಾತ್ರೆ ತಿಕ್ಕಿದೆ, ಬಾತ್‌ರೂಮು ಒಂದೇ ಒಂದು ತೊಳೆಯುವಷ್ಟರಲ್ಲಿ ಸೊಂಟ ಹಿಡಿಯಿತು. ಒಂಬತ್ತೂವರೆಗೆ ನಾಲಿಗೆ ಅಂಗುಳಕ್ಕೆ ಅಂಟಿತು. ಹತ್ತಕ್ಕೆ ತಲೆನೋವು. ಬಾಯಿ ಒಣಗುತ್ತಿರುವಾಗಲೇ ಹೊಟ್ಟೆಯ ಕೆಳಗೆ ಕಲ್ಲು ಕಟ್ಟಿದ ಹಾಗೆ. ಕೂರಲೂ ಆಗದು, ಬಗ್ಗಲೂ ಆಗದು.

ಇವರು ನನ್ನನ್ನು ನೋಡಿ, "ಇವತ್ತು ಯಾವ ವ್ರತ ವಾರಿಜಾ? ಪಂಚಾಂಗದಲ್ಲಿ ಏನೂ ಕಾಣ್ಲಿಲ್ಲ" ಎಂದರು. ಹೇಳಿ ಮತ್ತೆ ಬಾತ್‌ರೂಮಿಗೆ ಹೋದರು. ಬೆಳಿಗ್ಗೆಯಿಂದ ಅದು ಆರನೆಯ ಸಲ. ಎಣಿಸಬಾರದು, ಎಣಿಸಿದೆ. ಐದು ಜನಕ್ಕೆ ಮೂರು ಬಾತ್‌ರೂಮು. ಅಡುಗೆ ಮನೆಯಿಂದ ಹತ್ತು ಹೆಜ್ಜೆಗೆ ಒಂದು.

ಹನ್ನೊಂದು ನಲವತ್ತಕ್ಕೆ ಎದ್ದೆ.

ಮೇ 7, ಮಂಗಳವಾರ

ನಿದ್ದೆ ಸರಿಯಾಗಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ತ್ಯಾಗರಾಜನಗರದ ವಠಾರದಲ್ಲಿದ್ದೆವು. ಏಳು ಮನೆಗೆ ಒಂದೇ ಪಾಯಿಖಾನೆ, ಅದೂ ಗಂಡಸರು ಕೂತು ಹರಟೆ ಹೊಡೆಯುವ ಜಗಲಿಯ ಮುಂದೆ. ಹೊಸ ಸೊಸೆ ಚೊಂಬು ಹಿಡಿದು ಅವರ ಎದುರಿಗೆ ಹೋಗಬಾರದು ಎಂದಿದ್ದರು ಅತ್ತೆ. ಕತ್ತಲಾಗುವವರೆಗೆ ನಾನೂ ನೀರು ಕುಡಿಯುತ್ತಿರಲಿಲ್ಲ. ಈ ಮನೆ ಕಟ್ಟಿಸಿದಾಗ ಏನಿಲ್ಲದಿದ್ದರೂ ಬಾತ್‌ರೂಮು ಮೂರು ಇರಲೇಬೇಕು ಎಂದು ಹಟ ಹಿಡಿದವಳೂ ನಾನೇ.

ಎಷ್ಟು ಚೆನ್ನಾಗಿ ಮರೆತಿದ್ದೆ.

ಮೇ 9, ಗುರುವಾರ

ಪರಿಹಾರ ಸಿಕ್ಕಿತು. ಕಾರ್ ಶೆಡ್ಡಿನ ಮೂಲೆಯಲ್ಲಿ ಕೆಲಸದವರಿಗೆಂದೇ ಒಂದು ಟಾಯ್ಲೆಟ್ ಕಟ್ಟಿಸುವುದು. ವಿಷ್ಣು ಒಪ್ಪಿದ. ಮೇಸ್ತ್ರಿ ಶಾಂತವೀರಪ್ಪ ಟೇಪು ಹಿಡಿದು ಬಂದು ಉದ್ದ ಅಗಲ ಅಳೆದ. ಇಲ್ಲಿ ಗುಂಡಿ ಕೂರಿಸಿದರೆ ನೆಲದಡಿಯ ನೀರಿನ ಸಂಪ್‌ಗೆ ತೀರಾ ಹತ್ತಿರವಾಗುತ್ತದೆ, ಕುಡಿಯುವ ನೀರು ಕೆಡುತ್ತದೆ ಎಂದ. ಆಮೇಲೆ ಯಾರಿಗೆ ಇದು ಎಂದು ಕೇಳಿದ. ಕೆಂಪಕ್ಕನಿಗೆ ಎಂದೆ.

"ಒಳಗೆ ಮೂರದಾವಲ್ಲಮ್ಮ. ನಾನೇ ಟೈಲ್ಸ್ ಹಾಕಿದ್ದು" ಎಂದ. ಕೊಂಕಿಲ್ಲದೆ, ಗೋಡೆಯ ಲೆಕ್ಕ ಹೇಳುವ ಹಾಗೆ ಹೇಳಿದ.

ಕಾಫಿ ಕೊಟ್ಟು ಕಳಿಸಿದೆ. ಹೋಗುವಾಗ, ತಪ್ಪು ಹೇಳಿದ್ನಾ ಎಂದು ಕೇಳಿದ. ಇಲ್ಲ, ಬಿಸಿಲು ಇಳಿದ ಮೇಲೆ ಹೇಳಿ ಕಳಿಸುತ್ತೇನೆ ಎಂದೆ.

ಮೇ 12, ಭಾನುವಾರ

ಕೆಂಪಕ್ಕನನ್ನು ಮನೆಗೆ ಕಳಿಸಿದ್ದಾರೆ. ಇಟ್ಟಮಡುವಿಗೆ ಆಟೋದಲ್ಲಿ ಒಬ್ಬಳೇ ಹೋದೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ.

ಒಂದು ರೂಮು, ಮೇಲೆ ಸಿಮೆಂಟ್ ಶೀಟು. ನಾಲ್ಕು ಗಂಟೆಗೂ ಒಳಗೆ ಒಲೆಯ ಮುಂದೆ ಕೂತ ಹಾಗಿತ್ತು. ಗಂಡ ಯಲ್ಲಯ್ಯ ಶೀಟಿನ ಮೇಲೆ ಗೋಣಿಚೀಲ ಹಾಸಿ ನೀರು ಚಿಮುಕಿಸುತ್ತಿದ್ದ. ಅವನದು ತರಕಾರಿ ಗಾಡಿ. ಸೊಪ್ಪಿಗೆ ಮಾಡುವ ಉಪಚಾರವನ್ನೇ ಹೆಂಡತಿಗೂ ಮಾಡುತ್ತಿದ್ದೇನೆ ಎಂದು ನಕ್ಕ. ಕೆಂಪಕ್ಕ ಗೋಡೆ ಹಿಡಿದು ಎದ್ದಳು. ಕೂತ್ಕೋ ಎಂದು ಗದರಿದೆ. ಕೂರಲಿಲ್ಲ. ತೊಳೆದ ಲೋಟವನ್ನೇ ಇನ್ನೊಂದು ಸಲ ತೊಳೆದು ನೀರು ಕೊಟ್ಟಳು. ಸೆಕೆಗೆ ಒಂದಾದ ಮೇಲೆ ಒಂದು ಮೂರು ಲೋಟ ಕುಡಿದುಬಿಟ್ಟೆ.

ಆಮೇಲೆ ಆಗಬೇಕಾದದ್ದು ಆಯಿತು. ಅರ್ಧ ಗಂಟೆ ತಡೆದೆ. ನನ್ನ ಮುಖ ನೋಡಿಯೇ ಕೆಂಪಕ್ಕನಿಗೆ ಗೊತ್ತಾಯಿತು. ಗೊತ್ತಾಗದೆ ಏನು, ಅದರಲ್ಲಿ ಅವಳಷ್ಟು ಪಳಗಿದವರು ಯಾರಿದ್ದಾರೆ.

ನಾಲ್ಕು ಮನೆಗೆ ಸೇರಿ ಪಾಯಿಖಾನೆ ಒಂದು. ಓಣಿಯ ಕೊನೆಯಲ್ಲಿದೆ. ಅವಳು ನನಗಿಂತ ಮುಂದೆ ನಡೆದು, ಬೇಡ ಬೇಡ ಎಂದರೂ ಕೇಳದೆ, ಒಂದು ಬಕೆಟ್ ನೀರು ಹಾಕಿ ತೊಳೆದಳು. ಬಾಗಿಲಿಗೆ ಚಿಲಕ ಇರಲಿಲ್ಲ. ನಾನು ಒಳಗಿರುವಷ್ಟು ಹೊತ್ತೂ ಹೊರಗಿನಿಂದ ಬಾಗಿಲು ಎಳೆದು ಹಿಡಿದು ನಿಂತಿದ್ದಳು. ಕೈಗೆ ಹಾಕಿದ್ದ ಡ್ರಿಪ್ಪಿನ ಬ್ಯಾಂಡೇಜು ಬಾಗಿಲ ಸಂದಿಯಲ್ಲಿ ಬೆಳ್ಳಗೆ ಕಾಣುತ್ತಿತ್ತು.

ನಾನು ಹೊರಗೆ ಬಂದ ಮೇಲೆ ಪಕ್ಕದ ಮನೆ ಮುರಿಗೆವ್ವ ಒಳಗೆ ಹೋದಳು. ಹುಬ್ಬಳ್ಳಿ ಕಡೆಯ ಮುದುಕಿ. ಯಾರೂ ಏನನ್ನೂ ತೊಳೆಯಲಿಲ್ಲ. ನಮಸ್ಕಾರ್ರೀ ಅಂದಳು, ಹೋದಳು, ಅಷ್ಟೇ.

ಹೊರಡುವ ಮೊದಲು ಹೇಳಿದೆ, ಇನ್ನು ಮೇಲೆ ನಮ್ಮ ಮನೆಯಲ್ಲಿ ನೀರು ಕುಡಿ, ಕೆಳಗಿನ ಬಾತ್‌ರೂಮಿಗೆ ಹೋಗು ಎಂದು. ಸಂತೋಷಪಡುತ್ತಾಳೆ ಅಂದುಕೊಂಡಿದ್ದೆ. ತಲೆ ತಗ್ಗಿಸಿದಳು.

"ಬ್ಯಾಡಮ್ಮ. ನಾನು ಹೋಗಿ ಬಂದ್ಮೇಲೆ ನೀವು ನೀರಾಕ್ತೀರ. ಬಯ್ಯಲ್ಲ ನೀವು, ಅದು ನಂಗೊತ್ತು. ಆದ್ರೆ ಆ ನೀರಾಕೋ ಸದ್ದು ಕೇಳೋಕಾಗಲ್ಲ ನಂಗೆ."

ಹಾಕುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಹೇಳಿದರೆ ಸುಳ್ಳಾಗುತ್ತಿತ್ತೋ ಏನೋ. ಆಟೋ ಹತ್ತಿದೆ.

ಮೇ 20, ಸೋಮವಾರ

ಪಾತ್ರೆ, ಕಸ ಎಲ್ಲ ನಾವೇ. ಬೇರೆಯವರನ್ನು ಗೊತ್ತು ಮಾಡಿಲ್ಲ. ಸಮನ್ವಿತಾ ಬಟ್ಟೆ ಒಣಗಿಹಾಕುತ್ತಾಳೆ, ಬೆಳಿಗ್ಗೆ ಆರು ಗಂಟೆಯೊಳಗೆ. ಇವರಿಗೆ ಕಸ ಗುಡಿಸಲು ಕಲಿಸಿದ್ದೇನೆ. ಮೂಲೆ ಬಿಡುತ್ತಾರೆ.

ಮೇ 28, ಮಂಗಳವಾರ

ಕೆಂಪಕ್ಕ ಜೂನ್ ಮೊದಲ ವಾರದಿಂದ ಬರುತ್ತಾಳೆ ಎಂದು ವನಿತಾ ಫೋನು ಮಾಡಿದಳು. ಇನ್ನೂ ಸ್ವಲ್ಪ ದಿನ ಬಿಡು ಎಂದರೆ, ಮನೆಯಲ್ಲಿ ಕೂತರೆ ಅವ್ವನಿಗೆ ಜಾಸ್ತಿ ಕಾಯಿಲೆ ಎಂದಳು. ಕೆಲಸ ನಮ್ಮ ಮನೆಯದು ಮತ್ತು ಉಮಾಶ್ರೀಯವರದು ಮಾತ್ರ. ಮೂರನೆಯ ಮನೆಯವರು ಆಗಲೇ ಬೇರೆಯವರನ್ನು ಇಟ್ಟುಕೊಂಡಿದ್ದಾರೆ.

ಉಮಾಶ್ರೀ ಮನೆಗೆ ಹೋಗಿ, ಕೆಂಪಕ್ಕ ನಿಮ್ಮ ಬಾತ್‌ರೂಮನ್ನೂ ಬಳಸಲಿ ಎಂದೆ. ಕೇಳಿ ಅವರಿಗೆ ನಗು ಬಂತು.

"ನೀವು ಹೇಳ್ತಿದ್ದೀರಾ ಇದನ್ನ? ನಿಮ್ಮಷ್ಟು ಮಡಿ ಈ ಕ್ರಾಸಲ್ಲಿ ಯಾರಿಗಿದೆ ವಾರಿಜಮ್ಮ?"

"ಅದಕ್ಕೇ ನಾನೇ ಬಂದೆ" ಎಂದೆ.

ಮನೆಯವರನ್ನು ಕೇಳಿ ಹೇಳುತ್ತೇನೆ ಎಂದರು. ಕೇಳಿ, ಅಲ್ಲಿಯ ತನಕ ಅವಳು ನಿಮ್ಮ ಕೆಲಸದ ನಡುವೆ ಹತ್ತು ನಿಮಿಷ ನಮ್ಮ ಮನೆಗೆ ಬಂದು ಹೋಗುತ್ತಾಳೆ ಎಂದು ಹೇಳಿ ಬಂದೆ. ಸಂಜೆ ನಮ್ಮ ಮನೆಯ ಭಜನೆಗೆ ಅವರು ಬರಲಿಲ್ಲ. ಬರದಿದ್ದರೆ ಬೇಡ, ಶ್ರುತಿಯೂ ಸೇರುವುದಿಲ್ಲ ಅವರದು.

ಜೂನ್ 3, ಸೋಮವಾರ

ನಿನ್ನೆಯ ಮಳೆಗೆ ಕ್ರಾಸಿನ ಮೂಲೆಯಲ್ಲಿ ಮರ ಬಿದ್ದಿದೆ. ಅದನ್ನು ಸುತ್ತಿಕೊಂಡು ಏಳು ಗಂಟೆಗೆ ಕೆಂಪಕ್ಕ ಬಂದಳು. ರವಿಕೆ ದೊಗಳೆಯಾಗಿದೆ. ನೀರಿನ ಜಗ್ಗು ಮುಂದಿಟ್ಟು, ಇದು ಖಾಲಿಯಾಗುವ ತನಕ ಪೊರಕೆ ಮುಟ್ಟಬೇಡ ಎಂದೆ. ಔಷಧಿ ಕುಡಿಯುವ ಹಾಗೆ ಕಣ್ಣು ಮುಚ್ಚಿಕೊಂಡು ಕುಡಿದಳು. ಒಂಬತ್ತಕ್ಕೆ ಮಜ್ಜಿಗೆ ಕೊಟ್ಟೆ. ಬಾಟಲಿಯ ಕಡೆ ಒಂದು ಸಲ ಕೈ ಹೋಯಿತು. ನೋಡಿದೆ. ಕುಡಿದಳು.

ಹತ್ತಕ್ಕೆ ಸರಿಯಾಗಿ ಪಾತ್ರೆ ತಿಕ್ಕುವ ಸದ್ದು ನಿಂತಿತು. ನಾನು ಹುರುಳಿಕಾಯಿ ನಾರು ತೆಗೆಯುತ್ತಿದ್ದೆ. ತಲೆ ಎತ್ತಲಿಲ್ಲ. ಸಮನ್ವಿತಾ ಕಾಲೇಜಿಗೆ ಹೊರಟವಳು ಚಪ್ಪಲಿ ಹಾಕುತ್ತಾ ನಿಂತೇ ಬಿಟ್ಟಿದ್ದಳು. ಇವರು ಪೇಪರು ತಲೆಕೆಳಗಾಗಿ ಹಿಡಿದಿದ್ದರು ಎಂದರೆ ಉತ್ಪ್ರೇಕ್ಷೆಯಾದೀತು, ಆದರೆ ಓದುತ್ತಿರಲಿಲ್ಲ. ಬಹಳ ಹೊತ್ತಿನ ಮೇಲೆ ಹೆಜ್ಜೆ ಸದ್ದು, ಆಮೇಲೆ ಚಿಲಕ ಹಾಕಿದ ಸದ್ದು.

ಬಾಗಿಲು ತೆಗೆದಾಗ ನಾನು ಅಲ್ಲಿಯೇ ನಿಂತಿದ್ದೆ. ಕೆಂಪಕ್ಕನ ಒಂದು ಕೈಯಲ್ಲಿ ಬ್ರಷ್ಷು, ಇನ್ನೊಂದರಲ್ಲಿ ತುಂಬಿದ ಬಕೆಟ್ಟು. ಒಂದ್ನಿಮಿಷ ಇರಮ್ಮ, ತೊಳ್ದೇ ಬತ್ತೀನಿ ಎಂದಳು. ಕಣ್ಣು ನೆಲದ ಮೇಲಿತ್ತು. ನಾನು ಬ್ರಷ್ಷು ಇಸಿದುಕೊಂಡು ಮೂಲೆಗಿಟ್ಟೆ. ಬಕೆಟ್ಟನ್ನು ಹೊರಗಿಟ್ಟೆ.

"ಸರಿ, ದಾರಿ ಬಿಡು" ಎಂದೆ. "ನಂಗೂ ಅವಸರ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.